ಮಗುವಿನ ಊಟ ಚಮಚದ ಮೇಲೆ ನಿಲ್ಲಬೇಕು

ಆರು ತಿಂಗಳು ತುಂಬಿದ ಮಗುವಿಗೆ ಎದೆಹಾಲಿನ ಜೊತೆಗೆ ಬೇರೆ ಆಹಾರವನ್ನು ಆರಂಭಿಸಬೇಕೆಂಬುದು ಮಲೆನಾಡಿನ ಹೆಚ್ಚಿನ ಮನೆಗಳಿಗೆ ಈಗ ಗೊತ್ತಿದೆ. ಆಶಾ ಕಾರ್ಯಕರ್ತೆಯರೂ ಅಂಗನವಾಡಿಯವರೂ ಅದನ್ನು ಹೇಳಿ ಹೇಳಿ ಮನದಟ್ಟು ಮಾಡಿಸಿದ್ದಾರೆ. ಆದ್ದರಿಂದ ಯಾವಾಗ ಆರಂಭಿಸಬೇಕೆಂಬ ವಿಚಾರವನ್ನು ಇಲ್ಲಿ ಎತ್ತುವುದಿಲ್ಲ. ಶಿವಮೊಗ್ಗದಲ್ಲಿ ಮಕ್ಕಳ ವೈದ್ಯನಾಗಿ ಕೆಲಸ ಮಾಡುವ ನನ್ನನ್ನು ವರ್ಷಗಳಿಂದ ಕಾಡುತ್ತಿರುವುದು ಆ ಆಹಾರವನ್ನು ನಾವು ಎಷ್ಟು ನೀರು ಮಾಡಿ ಕೊಡುತ್ತೇವೆ ಎಂಬ ಸಂಗತಿ.

ಎಂಟು ತಿಂಗಳ ಮಗುವನ್ನು ಕರೆತರುತ್ತಾರೆ. ತಾಯಿ ಕಾರ್ಡಿನಲ್ಲಿ ಐದನೆಯ ತಿಂಗಳವರೆಗೆ ಚೆನ್ನಾಗಿ ಏರುತ್ತಿದ್ದ ತೂಕದ ಗೆರೆ ಆರರ ನಂತರ ಮಟ್ಟಸವಾಗಿ ಮಲಗಿಬಿಟ್ಟಿರುತ್ತದೆ. ಏನು ಕೊಡುತ್ತಿದ್ದೀರಿ ಎಂದು ಕೇಳಿದರೆ, 'ಮೂರು ಹೊತ್ತು ರಾಗಿ ಮಣ್ಣಿ ಕೊಡ್ತೀವಿ ಡಾಕ್ಟ್ರೇ, ಒಂದು ಬಾಟ್ಲಿ ಪೂರ್ತಿ ಖಾಲಿ ಮಾಡುತ್ತೆ' ಎನ್ನುತ್ತಾರೆ. ಬಾಟಲಿಯ ನಿಪ್ಪಲ್‌ನಲ್ಲಿ ಇಳಿಯಲೆಂದು ಕಾಯಿಸಿದ ಸೂಜಿಯಿಂದ ಅದರ ತೂತನ್ನು ದೊಡ್ಡದು ಮಾಡಿರುವುದೂ ಉಂಟು. ಟಾನಿಕ್ ಬರೆದುಕೊಡಿ ಎಂಬುದು ಮುಂದಿನ ಮಾತು.

ಟಾನಿಕ್ಕಿನಿಂದ ಇದು ಸರಿಹೋಗುವುದಿಲ್ಲ, ಏಕೆಂದರೆ ತೊಂದರೆಯಿರುವುದು ಲೆಕ್ಕದಲ್ಲಿ. 100 ಮಿಲಿಲೀಟರ್ ಎದೆಹಾಲಿನಲ್ಲಿ ಸುಮಾರು 65ರಿಂದ 70 ಕಿಲೋಕ್ಯಾಲರಿ ಶಕ್ತಿಯಿದೆ. ಅಷ್ಟೇ ನೀರಿಗೆ ಒಂದು ಚಿಕ್ಕ ಚಮಚ ರಾಗಿ ಹಿಟ್ಟನ್ನು ಕದಡಿ ಕುದಿಸಿದರೆ ಸಿಗುವುದು 10ರಿಂದ 15 ಕಿಲೋಕ್ಯಾಲರಿ ಮಾತ್ರ. ಏಳು ಕಿಲೋ ತೂಗುವ ಮಗುವಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಸುವುದು ಹೆಚ್ಚೆಂದರೆ 200 ಮಿಲಿಲೀಟರ್. ಆ ಜಾಗವನ್ನು ತೆಳು ಮಣ್ಣಿಯೋ ಗಂಜಿಯ ತಿಳಿಯೋ ತುಂಬಿಕೊಂಡರೆ ಮಗುವಿಗೆ ಹೊಟ್ಟೆ ತುಂಬಿದಂತಾಗುತ್ತದೆ, ಅಳು ನಿಲ್ಲುತ್ತದೆ, ಮುಂದಿನ ಬಾರಿ ಎದೆಹಾಲನ್ನೂ ಕಡಿಮೆ ಕುಡಿಯುತ್ತದೆ. ಹೆಚ್ಚು ಶಕ್ತಿಯ ಹಾಲನ್ನು ಪಕ್ಕಕ್ಕೆ ತಳ್ಳಿ ಅದರ ಜಾಗದಲ್ಲಿ ಕಡಿಮೆ ಶಕ್ತಿಯ ನೀರನ್ನು ಕೂರಿಸಿದಂತಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಎದೆಹಾಲು ಕುಡಿಯುವ ಮಗುವಿಗೆ ಹೊರಗಿನ ಆಹಾರದಿಂದ ಆರರಿಂದ ಎಂಟು ತಿಂಗಳಲ್ಲಿ ದಿನಕ್ಕೆ ಸುಮಾರು 200, ಒಂಬತ್ತರಿಂದ ಹನ್ನೊಂದರಲ್ಲಿ 300, ವರ್ಷ ಕಳೆದ ಮೇಲೆ 550 ಕಿಲೋಕ್ಯಾಲರಿ ಸಿಗಬೇಕು. ಮೇಲೆ ಹೇಳಿದ ಮಣ್ಣಿಯಿಂದ 200 ತುಂಬಿಸಬೇಕೆಂದರೆ ದಿನಕ್ಕೆ ಒಂದೂವರೆ ಲೀಟರ್ ಕುಡಿಸಬೇಕಾಗುತ್ತದೆ.

ಅದೇ ಮಣ್ಣಿಗೆ ಎರಡು ದೊಡ್ಡ ಚಮಚ ಹಿಟ್ಟು ಹಾಕಿ, ಗಟ್ಟಿಯಾಗಿ ಬೇಯಿಸಿ, ಇಳಿಸುವಾಗ ಒಂದು ಚಿಕ್ಕ ಚಮಚ ತುಪ್ಪ ಬೆರೆಸಿದರೆ ನೂರು ಕಿಲೋಕ್ಯಾಲರಿ ದಾಟುತ್ತದೆ. ಅದರಲ್ಲಿ ಸುಮಾರು 45 ಆ ಒಂದು ಚಮಚ ತುಪ್ಪದ್ದೇ. ಹದ ತಿಳಿಯಲು ತಕ್ಕಡಿ ಬೇಡ. ಚಮಚದಲ್ಲಿ ತೆಗೆದುಕೊಂಡು ಓರೆ ಮಾಡಿದಾಗ ಆಹಾರ ಹರಿದು ಬೀಳದೆ ನಿಂತರೆ ಹದ ಸರಿಯಿದೆ. ಬಾಟಲಿಯಲ್ಲಿ ಇಳಿಯುವಂಥದ್ದು ಊಟವೇ ಅಲ್ಲ.

'ದಪ್ಪ ಕೊಟ್ಟರೆ ಅರಗೋದಿಲ್ಲ, ಗಂಟಲಿಗೆ ಸಿಕ್ಕುತ್ತೆ' ಎಂದು ಅಜ್ಜಿಯರು ಹೇಳುತ್ತಾರೆ. ಅವರ ಆತಂಕದ ಹಿಂದಿರುವ ಅಕ್ಕರೆಯನ್ನು ನಾನು ಬಲ್ಲೆ, ಆದರೆ ಮಾತನ್ನು ಒಪ್ಪಲಾರೆ. ಮೊದಲ ದಿನಗಳಲ್ಲಿ ಮಗು ನಾಲಿಗೆಯಿಂದ ಆಹಾರವನ್ನು ಹೊರಗೆ ತಳ್ಳುವುದು ಹುಟ್ಟಿನಿಂದ ಬಂದ ಪ್ರತಿಕ್ರಿಯೆ, ಬೇಡವೆಂಬ ಸೂಚನೆಯಲ್ಲ. ಒಂದು ಹೊಸ ರುಚಿಯನ್ನು ಹತ್ತು ಸಲ ಕೊಟ್ಟ ಮೇಲೂ ಒಪ್ಪಿಕೊಳ್ಳದ ಮಕ್ಕಳಿದ್ದಾರೆ. ಕೂರಿಸಿ, ನುಣ್ಣಗೆ ಮಸೆದ ಗಟ್ಟಿ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟರೆ ಅದು ಗಂಟಲಿಗೆ ಸಿಕ್ಕುವುದಿಲ್ಲ. ಸಿಕ್ಕುವುದು ಇಡೀ ಶೇಂಗಾ, ಹಲಸಿನ ತೊಳೆಯ ತುಂಡು, ಅಂಗಳದಲ್ಲಿ ಬಿದ್ದ ಅಡಿಕೆ ಚೂರು.

ಹೊಸನಗರದ ಕಡೆಯ ಒಬ್ಬ ಅಜ್ಜಿ ನನ್ನ ಮಾತಿಗೆ ಬೇಸರಗೊಂಡು, ಮುಂದಿನ ಸಲ ತಾವು ಮಾಡಿದ ಮಣ್ಣಿಯನ್ನೇ ಡಬ್ಬಿಯಲ್ಲಿ ತಂದಿದ್ದರು. ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಗಾಳಿಸಿದ ಹಿಟ್ಟು. ಅದಕ್ಕಿಂತ ಒಳ್ಳೆಯದನ್ನು ಪೇಟೆಯ ಡಬ್ಬದಲ್ಲಿ ನಾನು ಕಂಡಿಲ್ಲ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಅಂಥ ಹಿಟ್ಟು ಬೆಂದಾಗ ಅಂಟಂಟಾಗುವುದಿಲ್ಲ, ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಸುತ್ತದೆ. ಆದರೆ ಅವರು ಆ ಅನುಕೂಲವನ್ನೆಲ್ಲ ನೀರು ಬೆರೆಸಲು ಬಳಸಿದ್ದರು. 'ಅಮ್ಮ, ಹಿಟ್ಟು ನಿಮ್ಮದೇ ಇರಲಿ, ನೀರನ್ನು ಮಾತ್ರ ಅರ್ಧ ಮಾಡಿ' ಎಂದೆ. ಮರುತಿಂಗಳು ಗೆರೆ ಮೇಲೆದ್ದಿತ್ತು.

ಮಣ್ಣಿಯೊಂದೇ ಸಾಲದೆಂಬುದನ್ನೂ ಹೇಳಬೇಕು. ಹುಟ್ಟುವಾಗ ಮಗು ತಂದುಕೊಂಡ ಕಬ್ಬಿಣದ ದಾಸ್ತಾನು ಆರು ತಿಂಗಳ ಹೊತ್ತಿಗೆ ಮುಗಿಯುತ್ತ ಬರುತ್ತದೆ, ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ. ಅನ್ನ ಬೇಳೆಯ ಜೊತೆಗೆ ಹರಿವೆ ಸೊಪ್ಪು, ಸಿಹಿಗುಂಬಳ, ತಿನ್ನುವ ಮನೆಗಳಲ್ಲಿ ಮೊಟ್ಟೆ ಮತ್ತು ಮುಳ್ಳು ತೆಗೆದ ಮೀನು ಆರು ತಿಂಗಳು ತುಂಬಿದಾಗಿನಿಂದಲೇ ಆಗಬಹುದು. ಉಪ್ಪು, ಸಕ್ಕರೆ, ಬೆಲ್ಲ ವರ್ಷದವರೆಗೆ ಬೇಡ. ಎಷ್ಟೇ ಶುದ್ಧ ತುಡುವೆ ಜೇನಾದರೂ ವರ್ಷದೊಳಗೆ ನೆಕ್ಕಿಸಬೇಡಿ. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವನ್ನು ಎಳೆಯ ಕರುಳು ತಡೆಯಲಾರದು.

ಮಳೆಗಾಲದಲ್ಲಿ ಬಾಳೆಹಣ್ಣು, ಮೊಸರು ಶೀತವೆಂದು ನಿಲ್ಲಿಸಿ ಮತ್ತೆ ಗಂಜಿ ತಿಳಿಗೆ ಮರಳುವ ಮನೆಗಳು ನಮ್ಮಲ್ಲಿ ಬಹಳ. ನೆಗಡಿ ಬರುವುದು ವೈರಾಣುವಿನಿಂದ, ಬಾಳೆಹಣ್ಣಿನಿಂದಲ್ಲ. ಆ ತಿಂಗಳುಗಳಲ್ಲಿ ಸರಿಯಾಗಿ ತೊಳೆಯದ, ಒಣಗದ ಬಾಟಲಿಯಿಂದ ಬರುವ ಭೇದಿಯೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಬಟ್ಟಲು ಚಮಚವನ್ನು ತೊಳೆಯುವುದು ಸುಲಭ.

ಅವಧಿಗೆ ಮೊದಲೇ ಹುಟ್ಟಿದ, ಹೃದಯದ ತೊಂದರೆಯಿರುವ ಅಥವಾ ನುಂಗಲು ಕಷ್ಟಪಡುವ ಮಕ್ಕಳಿಗೆ ಈ ಮಾತುಗಳು ಹಾಗೆಯೇ ಅನ್ವಯಿಸುವುದಿಲ್ಲ, ಅವರ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಉಳಿದ ಮಕ್ಕಳಲ್ಲಿಯೂ ಗಟ್ಟಿ ಆಹಾರ ಕೊಡುತ್ತಿರುವಾಗ ಎರಡು ತಿಂಗಳು ಸತತವಾಗಿ ತೂಕ ಏರದಿದ್ದರೆ ಕಾಯಬಾರದು. ಬರುವಾಗ ತಾಯಿ ಕಾರ್ಡನ್ನೂ, ಸಾಧ್ಯವಾದರೆ ಮಗುವಿಗೆ ಅಂದು ಬೆಳಿಗ್ಗೆ ಮಾಡಿದ ಊಟದಲ್ಲಿ ಸ್ವಲ್ಪವನ್ನೂ ತನ್ನಿ.