ಬೆಳ್ಳಂದೂರು ಕೆರೆಯೇ ರನ್‌ವೇ ಆಗಿದ್ದಾಗ

ಬೆಂಗಳೂರಿನಲ್ಲಿ ಎರಡನೇ ಮಹಾಯುದ್ಧದ ಪಾಳುಬಿದ್ದ ವಿಮಾನ ನಿಲ್ದಾಣ ಹುಡುಕುವವರು ಸಾಮಾನ್ಯವಾಗಿ ಹಳೇ ಡಾಂಬರಿಗಾಗಿ ಕಣ್ಣಾಡಿಸುತ್ತಾರೆ. ಅದು ಸಿಗುವುದಿಲ್ಲ. ಎಚ್‌ಎಎಲ್ ರನ್‌ವೇ ಇಂದಿಗೂ ಬಳಕೆಯಲ್ಲಿದೆ, ಯಲಹಂಕದ್ದು ವಾಯುಪಡೆಯ ತರಬೇತಿ ನೆಲೆ. ಪಾಳುಬಿದ್ದದ್ದು ನೀರಿನ ಮೇಲಿನ ನಿಲ್ದಾಣ, ಬೆಳ್ಳಂದೂರು ಕೆರೆ.

ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಇಂದಿನ ಎಚ್‌ಎಎಲ್) ಆರಂಭಿಸಿದ್ದು ವಿಮಾನ ಕಟ್ಟುವುದಕ್ಕೆ. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಗಿ 84ನೇ ಏರ್ ಡಿಪೋ ಆಯಿತು. ಕೆಲಸ ರಿಪೇರಿ, ಓವರ್‌ಹಾಲ್ ಕಡೆಗೆ ತಿರುಗಿತು. ರಿಪೇರಿಗೆ ಬಂದವುಗಳಲ್ಲಿ ನೀರಿನ ಮೇಲೆ ಇಳಿದು ಏಳುವ, ಸಮುದ್ರದ ಗಸ್ತಿನ ಕ್ಯಾಟಲಿನಾ ವಿಮಾನ ಕೂಡ ಇತ್ತು. ರೆಕ್ಕೆಯ ಅಗಲ 31.7 ಮೀಟರ್, 1,200 ಅಶ್ವಶಕ್ತಿಯ ಎರಡು ಎಂಜಿನ್. ಅದರ ಪಿಬಿವೈ-5ಎ ಮಾದರಿಗೆ ಮಡಚುವ ಚಕ್ರಗಳಿದ್ದವು. ಅದಕ್ಕೆ ಹಿಂದಿನವಕ್ಕೆ ನೀರೇ ಗತಿ. ಕಾರ್ಖಾನೆಯ ದಕ್ಷಿಣಕ್ಕೆ ಸುಮಾರು 3.6 ಕಿ.ಮೀ. ಉದ್ದದ ಕೆರೆ ಸಿದ್ಧವಾಗಿಯೇ ಇತ್ತು.

ಇಳಿಯುವುದಕ್ಕಿಂತ ದಡಕ್ಕೆ ತರುವುದೇ ನಾಜೂಕಿನ ಕೆಲಸ. ಎಂಜಿನ್ ನಿಂತ ಮೇಲೆ ಆಳುಗಳು ನೀರಿಗಿಳಿದು, ಒಡಲಿನ ಎರಡೂ ಪಕ್ಕಕ್ಕೆ ಮತ್ತು ಬಾಲದಡಿಗೆ ತಾತ್ಕಾಲಿಕ ಗಾಲಿ ಸಿಕ್ಕಿಸಬೇಕು. ಆಮೇಲೆ ಬಾಲ ಮುಂದಾಗಿ ಇಳಿಜಾರಿನ ಮೇಲೆ ಟ್ರ್ಯಾಕ್ಟರ್ ಎಳೆಯುತ್ತದೆ. ನೀರಲ್ಲಿ ತೇಲುವಾಗ ಗಾಲಿಯ ಮೇಲೆ ಭಾರವಿರುವುದಿಲ್ಲ, ಹಾಗಾಗಿ ಸರಿಯಾಗಿ ಕೂರದ ಪಿನ್ ಗೊತ್ತಾಗುವುದೇ ಇಲ್ಲ. ದಡ ಹತ್ತುವಾಗ ಭಾರ ಬಿದ್ದು ಗಾಲಿ ಕಳಚಿದರೆ ತಳದ ಅಲ್ಯೂಮಿನಿಯಂ ತಗಡು ಹರಿಯುತ್ತದೆ. ಒಳಗೆ ತಂದ ಮೇಲೆ ಮೊದಲು ನೋಡುವುದು ತಳದ ರಿವೆಟ್ ಸಾಲು: ಉಪ್ಪುನೀರು ತಿನ್ನುವುದು ಅಲ್ಲಿ. ರೆಕ್ಕೆಯ ಹಿಂಭಾಗಕ್ಕೆ ಬಟ್ಟೆಯ ಹೊದಿಕೆ, ಅದರ ಬಿಗಿಯನ್ನೂ ಪರೀಕ್ಷಿಸಬೇಕು.

ಮೇಲೇಳುವಾಗಿನ ತೊಂದರೆ ಬೇರೆ. ಗಾಳಿಯಿಲ್ಲದ ದಿನದ ಕನ್ನಡಿಯಂಥ ನೀರು ನೋಡಲಷ್ಟೇ ಚೆಂದ. ಅಲೆಯಿಲ್ಲದೆ ತಳಕ್ಕೆ ಗಾಳಿ ನುಗ್ಗುವುದಿಲ್ಲ, ವಿಮಾನ ನೀರಿಗೆ ಅಂಟಿಕೊಳ್ಳುತ್ತದೆ. ಮುಂದೆ ಒಂದು ಮೋಟಾರು ದೋಣಿ ಓಡಿಸಿ ಅಲೆ ಎಬ್ಬಿಸುವುದು ಇದಕ್ಕೆ ರೂಢಿಯ ಮದ್ದು. ಮೇಲಾಗಿ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. 30 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಗಾಳಿ 1,600 ಮೀಟರ್ ಎತ್ತರದ ಗಾಳಿಯಷ್ಟು ತೆಳು. ಕರಾವಳಿಯಲ್ಲಿ ಸಾಕಾಗುವ ಓಟ ಇಲ್ಲಿ ಸಾಲದು. ಬೆಳಗಿನ ಜಾವದ ತಂಪು, ಕಡಿಮೆ ಇಂಧನ, ಇವೇ ಉಪಾಯ.

ಇಂದು ಆ ನೀರಿನ ಮೇಲೆ ಇಂಥ ವಿಮಾನ ಇಳಿಸಲಾಗದು. ನೊರೆ, ಬೆಂಕಿ ಎಲ್ಲರಿಗೂ ಗೊತ್ತು, ಆದರೆ ವಿಮಾನಕ್ಕೆ ದೊಡ್ಡ ಶತ್ರು ಕಳೆ. ರೆಕ್ಕೆತುದಿಯ ತೇಲುಗಳಲ್ಲಿ ಒಂದಕ್ಕೆ ಕಳೆ ಸಿಕ್ಕಿಕೊಂಡರೂ ಸಾಕು, ವೇಗದಲ್ಲಿರುವ ಮೂತಿ ಆ ಕಡೆಗೆ ತಿರುಗಿಬಿಡುತ್ತದೆ.