ಗೇ ಮಕ್ಕಳು, ಗಡಿನಾಡಿನ ಇಗರ್ಜಿ ಮತ್ತು ಯಾರೂ ಓದಿ ಹೇಳದ ಒಂದು ಪ್ಯಾರಾ

ಕಾಸರಗೋಡಿನ ಕೊಂಕಣಿ ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದ ಗೇ ಹುಡುಗನಿಗೆ ಎರಡು ಸಲಹೆ ಸಿಗುತ್ತವೆ. ಮನೆಯವರದ್ದು: ಪ್ರಾರ್ಥನೆ ಮಾಡು, ಸರಿಯಾಗುತ್ತದೆ. ಬೆಂಗಳೂರಿನ ಗೆಳೆಯರದ್ದು: ಇಗರ್ಜಿ (ಚರ್ಚು) ಬಿಟ್ಟುಬಿಡು, ಆರಾಮಾಗುತ್ತೀಯ. ಅವನಿಗೆ ನಿಜವಾಗಿಯೂ ದೇವರಲ್ಲಿ ನಂಬಿಕೆ ಇದೆ ಎಂಬುದು ಇಬ್ಬರ ಲೆಕ್ಕಕ್ಕೂ ಬರುವುದಿಲ್ಲ.

ಬೇಳ, ಕಯ್ಯಾರು, ವರ್ಕಾಡಿ, ಮಂಜೇಶ್ವರದ ಕಡೆ ಇಗರ್ಜಿ ಎಂದರೆ ಭಾನುವಾರದ ಬಲಿಪೂಜೆ ಮಾತ್ರ ಅಲ್ಲ. ವಾಡ್ಯದ (ಇಗರ್ಜಿಯ ವಾರ್ಡಿನ) ಮುಖಂಡನಾದ ಗುರ್ಕಾರ, ಮೇರಿ ಮಾತೆಯ ಹುಟ್ಟುಹಬ್ಬವಾದ ಮೊಂತಿ ಫೆಸ್ತಿನ ಹೊಸ ತೆನೆ, ಮದುವೆಗೆ ಮುಂಚೆ ತೆಂಗಿನಹಾಲು ಹಚ್ಚುವ ರೋಸ್, ಅಜ್ಜ-ಅಜ್ಜಿಯ ಸಮಾಧಿ ಎಲ್ಲವೂ ಅದಕ್ಕೆ ಸೇರಿದ್ದು. ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಸರ್ಕಾರಿ ಕಚೇರಿಯಲ್ಲಿ ಮಲಯಾಳಂ. ಮನೆ ಬಿಟ್ಟರೆ ಕೊಂಕಣಿಗೆ ಇರುವ ದೊಡ್ಡ ಆಸರೆ ಇಗರ್ಜಿಯೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಈ ಊರುಗಳ ಇಗರ್ಜಿಗಳು ಮಾತ್ರ ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿದವು. ಇಂಥದ್ದನ್ನು ಬಿಟ್ಟು ಎಲ್ಲಿಗೆ ಹೋಗುವುದು?

ಈ ಇಕ್ಕಟ್ಟು ಎಲ್ಲಿಂದ ಶುರುವಾಯಿತು ಎಂದು ನೋಡಬೇಕಾದರೆ ಮೊದಲು ಬೈಬಲ್ಲಿಗೇ ಹೋಗಬೇಕು. ಗೇ ಸಂಬಂಧದ ವಿರುದ್ಧ ಸಾಮಾನ್ಯವಾಗಿ ಎತ್ತುವ ಮಾತುಗಳು ಬೆರಳೆಣಿಕೆಯಷ್ಟು: ದೇವರು ಸುಟ್ಟುಹಾಕಿದ ಸೊದೋಮ್ ಊರಿನ ಆದಿಕಾಂಡದ ಕತೆ, ಯಾಜಕಕಾಂಡ 18:22, ಪೌಲನ ಪತ್ರಗಳ ಕೆಲವು ಸಾಲು. ನಾಲ್ಕು ಸುವಾರ್ತೆಗಳಲ್ಲಿ ಯೇಸು ಈ ವಿಷಯವನ್ನು ನೇರವಾಗಿ ಎತ್ತಿದ್ದು ಎಲ್ಲೂ ಇಲ್ಲ. ಸೊದೋಮಿನ ತಪ್ಪು ಏನೆಂದು ಯೆಹೆಜ್ಕೇಲ 16:49 ಹೇಳುತ್ತದೆ: ಸೊಕ್ಕು, ಹೊಟ್ಟೆತುಂಬಿದ ನೆಮ್ಮದಿ, ಬಡವರಿಗೆ ಕೈನೀಡದೆ ಇದ್ದದ್ದು. ಧರ್ಮೋಪದೇಶಕಾಂಡದ 23ನೇ ಅಧ್ಯಾಯ ನಪುಂಸಕರನ್ನು ದೇವರ ಸಭೆಯಿಂದ ಹೊರಗಿಟ್ಟಿತ್ತು. ಪ್ರೇಷಿತರ ಕಾರ್ಯಗಳ 8ನೇ ಅಧ್ಯಾಯದಲ್ಲಿ ಫಿಲಿಪ್ಪನು ಇಥಿಯೋಪಿಯಾದ ಒಬ್ಬ ನಪುಂಸಕನಿಗೆ ದಾರಿ ಬದಿಯ ನೀರಲ್ಲೇ ದೀಕ್ಷಾಸ್ನಾನ ಕೊಡುತ್ತಾನೆ. ಇವೆಲ್ಲ ಒಂದೇ ಪುಸ್ತಕದಲ್ಲಿವೆ, ಅಲ್ವಾ?

ಧರ್ಮದ ಮಾತು ಸರ್ಕಾರದ ಶಿಕ್ಷೆಯಾಗಿ ನಮ್ಮವರೆಗೆ ಬಂದದ್ದು ಇಂಗ್ಲೆಂಡಿನಿಂದ. 1533ರಲ್ಲಿ ಎಂಟನೇ ಹೆನ್ರಿಯ ಕಾಲದಲ್ಲಿ, ಅಲ್ಲಿಯವರೆಗೆ ಚರ್ಚಿನ ನ್ಯಾಯಾಲಯ ನೋಡಿಕೊಳ್ಳುತ್ತಿದ್ದ ಈ ‘ಪಾಪ’ ಮರಣದಂಡನೆಯ ಅಪರಾಧವಾಯಿತು. ಅದರ ಮರಿಯೇ ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ ನಮ್ಮ ಸೆಕ್ಷನ್ 377. ಅದು ಇದ್ದ 1860ರ ದಂಡ ಸಂಹಿತೆ ಜಾರಿಗೆ ಬಂದದ್ದು 1862ರಲ್ಲಿ. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ಕೆನರಾ ಸೀಮೆಯಲ್ಲಿತ್ತು. ಇಂಗ್ಲೆಂಡಿನಲ್ಲಿ ಈ ಕಾನೂನನ್ನು ಸಡಿಲಿಸುವಾಗ ಚರ್ಚುಗಳೂ ಜೊತೆಗಿದ್ದವು. ಆಂಗ್ಲಿಕನ್ ಚರ್ಚಿನ ಒಂದು ಮಂಡಳಿಯೂ, 1956ರಲ್ಲಿ ಕ್ಯಾಥೊಲಿಕ್ ಕಾರ್ಡಿನಲ್ ಗ್ರಿಫಿನ್ ನೇಮಿಸಿದ್ದ ಸಮಿತಿಯೂ ಒಂದೇ ಮಾತು ಹೇಳಿದವು: ಪಾಪ ಬೇರೆ, ಅಪರಾಧ ಬೇರೆ. 1967ರಲ್ಲಿ ಅಲ್ಲಿನ ಕಾನೂನು ಬದಲಾಯಿತು. ನಮ್ಮಲ್ಲಿ ಅದು ಇನ್ನೂ ಅರ್ಧ ಶತಮಾನ ಉಳಿಯಿತು.

ನಂಬಿಕೆ ಬಿಡದೆಯೇ ಗೇ ಆಗಿ ಬದುಕಲು ಹೊರಟವರು ಅಷ್ಟರಲ್ಲಿ ಅಮೆರಿಕದಲ್ಲಿ ಎದ್ದು ನಿಂತಿದ್ದರು. ಪೆಂಟೆಕೋಸ್ಟಲ್ ಪಾದ್ರಿಯಾಗಿದ್ದ ಟ್ರಾಯ್ ಪೆರ್ರಿಯನ್ನು ಅವರ ಸಭೆ ಹೊರಹಾಕಿತ್ತು. 1968ರ ಅಕ್ಟೋಬರ್‌ನಲ್ಲಿ ಅವರು ಲಾಸ್ ಏಂಜಲೀಸ್ ಬಳಿಯ ತಮ್ಮ ಮನೆಯಲ್ಲೇ 12 ಜನರ ಜೊತೆ ಆರಾಧನೆ ಶುರುಮಾಡಿದರು. ಮರುವರ್ಷ ಕ್ಯಾಥೊಲಿಕರ ಡಿಗ್ನಿಟಿ ಎಂಬ ಗುಂಪು ಹುಟ್ಟಿತು. 1976ರಲ್ಲಿ ಎಕ್ಸೋಡಸ್ ಇಂಟರ್‌ನ್ಯಾಷನಲ್ ಇದಕ್ಕೆ ಉಲ್ಟಾ ದಾರಿ ಹಿಡಿಯಿತು. ಗೇ ಜನರನ್ನು ಪ್ರಾರ್ಥನೆಯಿಂದ ‘ಬದಲಿಸುತ್ತೇವೆ’ ಎಂದಿತು. 2013ರಲ್ಲಿ ಅದರ ಮುಖ್ಯಸ್ಥ ಅಲನ್ ಚೇಂಬರ್ಸ್ ನೊಂದವರ ಕ್ಷಮೆ ಕೇಳಿ ಸಂಸ್ಥೆಯನ್ನೇ ಮುಚ್ಚಿದರು. ಮಗನನ್ನು ‘ಸರಿಮಾಡಲು’ ರಿಟ್ರೀಟಿಗೆ (ಪ್ರಾರ್ಥನಾ ಶಿಬಿರಕ್ಕೆ) ಕಳಿಸುವ ಅಪ್ಪ-ಅಮ್ಮಂದಿರಿಗೆ ಈ ಒಂದು ಸಂಗತಿ ಗೊತ್ತಿರಬೇಕಿತ್ತು ಎಂದು ನನಗೆ ಮತ್ತೆ ಮತ್ತೆ ಅನಿಸುತ್ತದೆ.

ವ್ಯಾಟಿಕನ್ನಿನ ಮಾತು ನಿಂತಲ್ಲೇ ನಿಂತಿಲ್ಲ. ಮುಂದೆ ಪೋಪ್ ಆದ ಕಾರ್ಡಿನಲ್ ರಾಟ್ಸಿಂಗರ್ 1986ರಲ್ಲಿ ಬಿಷಪ್ಪರಿಗೆ ಬರೆದ ಪತ್ರ ಗಡಸಾಗಿತ್ತು. ಗೇ ಜನರ ಮೇಲೆ ಕೈ ಮಾಡುವುದನ್ನೂ ಕೆಟ್ಟ ಮಾತನ್ನೂ ಅದೇ ಪತ್ರ ಖಂಡಿಸಿತ್ತು ಎಂಬುದು ಜಾಸ್ತಿ ಜನರಿಗೆ ಗೊತ್ತಿಲ್ಲ. ಚರ್ಚಿನ ಬೋಧನೆಯ ಅಧಿಕೃತ ಪುಸ್ತಕವಾದ 1992ರ ಕ್ಯಾಟೆಕಿಸಂ 2357ನೇ ಪ್ಯಾರಾದಲ್ಲಿ ಸಲಿಂಗ ಸಂಬಂಧವನ್ನು ತಪ್ಪೆಂದೇ ಹೇಳಿತು. 2359ರಲ್ಲಿ ಬ್ರಹ್ಮಚರ್ಯ ಕೇಳಿತು. ನಡುವಿನ 2358 ಮಾತ್ರ ಬೇರೆ ದನಿಯದು. ಇವರನ್ನು ಗೌರವದಿಂದ, ಕರುಣೆಯಿಂದ, ಸೂಕ್ಷ್ಮವಾಗಿ ಒಪ್ಪಿಕೊಳ್ಳಬೇಕು, ಅನ್ಯಾಯದ ಭೇದಭಾವ ಕೂಡದು ಎನ್ನುತ್ತದೆ. ಮೊದಲ ಆವೃತ್ತಿಯಲ್ಲಿ ಇದೇ ಪ್ಯಾರಾದಲ್ಲಿ ಇನ್ನೊಂದು ಮಾತೂ ಇತ್ತು: ಅವರು ಈ ಸ್ಥಿತಿಯನ್ನು ತಾವಾಗಿ ಆರಿಸಿಕೊಂಡವರಲ್ಲ. 1997ರಲ್ಲಿ ತಿದ್ದುವಾಗ ಅದನ್ನು ತೆಗೆದರು. ಮಕ್ಕಳಿಗೆ ಧರ್ಮ ಕಲಿಸುವ ದೊತೊರ್ನ್ ಕ್ಲಾಸಿನಲ್ಲಾಗಲಿ ಪ್ರವಚನದಲ್ಲಾಗಲಿ ಯಾರಾದರೂ 2358ನ್ನು ಓದಿ ಹೇಳಿದ್ದನ್ನು ನಾನು ಕೇಳಿಲ್ಲ.

ನಮ್ಮ ದೇಶದಲ್ಲಿ ದೆಹಲಿ ಹೈಕೋರ್ಟ್ 2009ರ ಜುಲೈ 2ರಂದು 377ರ ಹಿಡಿತ ಸಡಿಲಿಸಿತು. ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಕ್ರೈಸ್ತ ಸಂಘಟನೆಗಳೂ ಇದ್ದವು. ಇದು ನನಗೆ ಇವತ್ತಿಗೂ ನೋವಿನ ವಿಷಯ. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ಅಳಿಸಿತು. ಆಗ ಮುಂಬೈಯ ಆರ್ಚ್‌ಬಿಷಪ್ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್, ಚರ್ಚು ಗೇ ಜನರನ್ನು ಅಪರಾಧಿಗಳೆಂದು ನೋಡುವುದಿಲ್ಲ ಎಂದರು. ಮದುವೆಯ ವಿಷಯದಲ್ಲಿ ಅವರು ಚರ್ಚಿನ ಹಳೆಯ ನಿಲುವು ಬಿಡಲಿಲ್ಲ. ಆದರೆ ಆ ಹೊತ್ತಿನಲ್ಲಿ ಅಷ್ಟು ಹೇಳಲೂ ಧೈರ್ಯ ಬೇಕಿತ್ತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ವಯಸ್ಕರ ಒಪ್ಪಿಗೆಯ ಸಂಬಂಧವನ್ನು ಅಪರಾಧದಿಂದ ಹೊರತಂದಿತು. ಮದುವೆಗೆ ಮಾನ್ಯತೆ ಕೊಡಲು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಪೋಪ್ ಫ್ರಾನ್ಸಿಸ್ ಕಾಲದ್ದು ಎಲ್ಲರಿಗೂ ನೆನಪಿದೆ. 2013ರಲ್ಲಿ ರಿಯೊದಿಂದ ಮರಳುವಾಗ ವಿಮಾನದಲ್ಲಿ ‘ತೀರ್ಪು ಕೊಡಲು ನಾನ್ಯಾರು?’ ಎಂದರು. 2021ರ ಮಾರ್ಚ್‌ನಲ್ಲಿ ಅವರದೇ ವ್ಯಾಟಿಕನ್ ಸಲಿಂಗ ಜೋಡಿಗಳಿಗೆ ಆಶೀರ್ವಾದ ಇಲ್ಲ ಎಂದಿತು. 2023ರ ಡಿಸೆಂಬರ್ 18ರಂದು, ಮದುವೆಯ ವಿಧಿಯಂತೆ ಕಾಣದ ಹಾಗೆ ಆಶೀರ್ವದಿಸಬಹುದು ಎಂದಿತು. ಆಫ್ರಿಕಾದ ಬಿಷಪ್ಪರು ಬಹುಪಾಲು ಇದನ್ನು ಒಪ್ಪಲಿಲ್ಲ. ಮೂರೇ ವರ್ಷದಲ್ಲಿ ಇಷ್ಟು ಬದಲಾಗುವ ವಿಷಯವನ್ನು ಮುಂದಿಟ್ಟು ಒಬ್ಬ ಹುಡುಗನಿಗೆ ‘ನಿನಗೆ ದೇವರಿಲ್ಲ’ ಎಂದು ಹೇಳುವ ಹಕ್ಕು ಯಾರಿಗಿದೆ?

ಈಗ ಊರಲ್ಲಿ ಮಾಡಬಹುದಾದದ್ದು ದೊಡ್ಡದೇನಲ್ಲ. ‘ವಾಸಿ ಮಾಡಿಸುವ’ ದಾರಿ ಕಾನೂನಿನಲ್ಲೂ ಮುಚ್ಚುತ್ತಿದೆ. ಲೈಂಗಿಕ ಅಲ್ಪಸಂಖ್ಯಾತರ ಕ್ವಿಯರಳ ಸಂಘಟನೆಯ ಅರ್ಜಿಯ ಮೇಲೆ ಕೇರಳ ಹೈಕೋರ್ಟ್ 2021ರಲ್ಲಿ ಇಂಥ ಬಲವಂತದ ‘ಚಿಕಿತ್ಸೆ’ ಬಗ್ಗೆ ಮಾರ್ಗಸೂಚಿ ತರಲು ಸರ್ಕಾರಕ್ಕೆ ಹೇಳಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಇದನ್ನು ಮಾಡುವ ವೈದ್ಯರದ್ದು ವೃತ್ತಿ ದುರ್ನಡತೆ ಎಂದಿತು. ಕುಮ್ಸಾರಿನಲ್ಲಿ (ಪಾಪನಿವೇದನೆಯಲ್ಲಿ) ಒಬ್ಬ ಹುಡುಗ ಬಾಯಿಬಿಟ್ಟಾಗ ಪಾದ್ರಿಗಳಿಗೆ ಇಷ್ಟು ಗೊತ್ತಿದ್ದರೆ ಸಾಕು, ಅವನನ್ನು ಯಾರ ಹತ್ತಿರ ಕಳಿಸಬಾರದು ಎಂದು ತಿಳಿಯುತ್ತದೆ. ಮದುವೆಗೆ ಮುಂಚಿನ ತರಬೇತಿಯಲ್ಲಿ, ನಾಳೆ ಅಪ್ಪ-ಅಮ್ಮ ಆಗುವವರ ಮುಂದೆ, ಆ 2358ನ್ನು ಕೊಂಕಣಿಯಲ್ಲಿ ಗಟ್ಟಿಯಾಗಿ ಓದಬಹುದು. ಅದಕ್ಕೆ ರೋಮಿನ ಅಪ್ಪಣೆ ಬೇಕಿಲ್ಲ, ಚರ್ಚಿನ ಪುಸ್ತಕದಲ್ಲಿ ಅದು ಆಗಲೇ ಇದೆ.