1023 ಗೆಲುವು, 1 ಸೋಲು

ಕಳೆದ ಶ್ರಾವಣದಲ್ಲಿ ದಾವಣಗೆರೆಯ ಒಂದು ಬೆಣ್ಣೆ ದೋಸೆ ಹೋಟೆಲಿನಲ್ಲಿ ನನ್ನ ಹಳೇ ವಿದ್ಯಾರ್ಥಿಯೊಬ್ಬ ಸಿಕ್ಕಿದ. ದೋಸೆ ಬರುವಷ್ಟರಲ್ಲಿ ಮೊಬೈಲ್ ತೆಗೆದು ಒಂದು ಪಟ್ಟಿ ತೋರಿಸಿದ. 10, 20, 40, 80, 160, ಹೀಗೆ ಕೆಳಗಿನವರೆಗೂ.

"ಸರ್, ಇದರಲ್ಲಿ ಸೋಲೋ ಚಾನ್ಸೇ ಇಲ್ಲ. ಕೆಂಪಿನ ಮೇಲೆ ಹತ್ತು ರೂಪಾಯಿ ಕಟ್ಟೋದು. ಸೋತರೆ ಮುಂದಿನ ಸಲ ಡಬಲ್. ಮತ್ತೆ ಸೋತರೆ ಮತ್ತೆ ಡಬಲ್. ಒಂದಲ್ಲ ಒಂದು ಸಲ ಕೆಂಪು ಬಂದೇ ಬರುತ್ತಲ್ಲ? ಆಗ ಹೋಗಿದ್ದೆಲ್ಲ ವಾಪಸ್ ಬಂದು ಮೇಲೆ ಹತ್ತು ರೂಪಾಯಿ ಉಳಿಯುತ್ತೆ."

ಸ್ನೇಹಿತರ ಜೊತೆ ಗೋವಾಕ್ಕೆ ಹೊರಟಿದ್ದ. ಮಾಂಡೋವಿ ನದಿಯ ಮೇಲಿನ ಹಡಗು ಕ್ಯಾಸಿನೊದಲ್ಲಿ ರೂಲೆಟ್ ಆಡುವ ಯೋಚನೆ. ಹುಡುಗ ಲೆಕ್ಕದಲ್ಲಿ ಚುರುಕು. ನನಗೆ ಭಯವಾಗಿದ್ದೂ ಅದಕ್ಕೇ. ಈ ಪಟ್ಟಿ ಲೆಕ್ಕ ಬಾರದವರಿಗಿಂತ ಅರ್ಧ ಲೆಕ್ಕ ಬರುವವರನ್ನೇ ಜಾಸ್ತಿ ಹಿಡಿಯುತ್ತದೆ. ಸೋಲೋ ಚಾನ್ಸೇ ಇಲ್ಲ ಅನ್ನೋದನ್ನು ಬಿಟ್ಟರೆ ಅವನು ಹೇಳಿದ ಒಂದೊಂದು ಮಾತೂ ನಿಜವಿತ್ತು. ಒಂದು ಮಾತು ಮಾತ್ರ ಬಿಟ್ಟುಹೋಗಿತ್ತು.

ರೂಲೆಟ್ ಅಂದರೆ ತಿರುಗುವ ಚಕ್ರಕ್ಕೆ ಗೋಲಿ ಬಿಟ್ಟು, ಅದು ಯಾವ ಮನೆಗೆ ಬೀಳುತ್ತದೆ ಅನ್ನೋದರ ಮೇಲೆ ದುಡ್ಡು ಕಟ್ಟುವ ಆಟ. ಚಕ್ರದಲ್ಲಿ 37 ಮನೆಗಳಿವೆ. 18 ಕೆಂಪು, 18 ಕಪ್ಪು, ಒಂದು ಹಸಿರು. ಹಸಿರು ಮನೆಯ ಅಂಕಿ ಸೊನ್ನೆ. ಕೆಂಪಿಗೆ ಕಟ್ಟಿದವನಿಗೂ ಕಪ್ಪಿಗೆ ಕಟ್ಟಿದವನಿಗೂ ಗೆದ್ದರೆ ಕಟ್ಟಿದಷ್ಟೇ ಲಾಭ. ಗೋಲಿ ಹಸಿರಿಗೆ ಬಿದ್ದರೆ ಇಬ್ಬರದೂ ಹೋಯಿತು. ಆಟ ಇಷ್ಟೇ. ಅಮೆರಿಕದ ಚಕ್ರಗಳಲ್ಲಿ ಹಸಿರು ಎರಡಿರುತ್ತವೆ. ಒಂದೇ ಹಸಿರು ಇಟ್ಟು ಜನರನ್ನು ಸೆಳೆದದ್ದು ಫ್ರಾನ್ಸಿನ ಬ್ಲಾಂಕ್ ಸಹೋದರರು, 1843ರಲ್ಲಿ, ಜರ್ಮನಿಯ ಹೋಂಬುರ್ಗ್ ಪಟ್ಟಣದಲ್ಲಿ. ಅವರಲ್ಲಿ ಒಬ್ಬ, ಫ್ರಾಂಸ್ವಾ ಬ್ಲಾಂಕ್, ಮುಂದೆ ಮಾಂಟೆ ಕಾರ್ಲೊದ ಕ್ಯಾಸಿನೊ ಬೆಳೆಸಿದ. ಒಂದು ಹಸಿರು ಮನೆ ಸಾಕು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಆ ಹಸಿರನ್ನು ಸ್ವಲ್ಪ ಹೊತ್ತು ಮರೆಯೋಣ. ಚಕ್ರದ ಬದಲು ನಾಣ್ಯ ಚಿಮ್ಮಿಸುತ್ತೇವೆ ಅಂದುಕೊಳ್ಳಿ. ಯಾರಿಗೂ ಮೋಸವಿಲ್ಲದ ನಾಣ್ಯ. ಹತ್ತು ರೂಪಾಯಿಂದ ಶುರು ಮಾಡಿ ಗೆಲ್ಲುವವರೆಗೂ ಡಬಲ್ ಮಾಡುತ್ತಾ ಹೋಗೋದನ್ನು ಒಂದು ಸರಣಿ ಅನ್ನೋಣ. ಸತತ ಹತ್ತು ಸಲ ಸೋತರೆ ಎಷ್ಟು ಹೋಗುತ್ತೆ? 10ರಿಂದ 5,120ರವರೆಗೆ ಕೂಡಿಸಿ: 10,230 ರೂಪಾಯಿ. ಹನ್ನೊಂದನೇ ಸಲ 10,240 ಕಟ್ಟಬೇಕು. ಜೇಬಿನಲ್ಲಿ ಅಷ್ಟಿಲ್ಲ, ಆಟ ಮುಗಿಯಿತು.

ಸತತ ಹತ್ತು ಸೋಲು ಬರೋದು 1024 ಸರಣಿಗೆ ಒಮ್ಮೆ. ಉಳಿದ 1023 ಸರಣಿಗಳಲ್ಲಿ ಗೆಲುವು, ಪ್ರತಿ ಸಲ ಹತ್ತು ರೂಪಾಯಿ. ಗುಣಿಸಿ ನೋಡಿ. 1023 ಸಲ ಹತ್ತು ಅಂದರೆ 10,230. ಒಂದು ಸೋಲಿಗೆ ಹೋಗೋದೂ 10,230!

ಈ ಸಮಾನತೆಯನ್ನು ಮೊದಲ ಸಲ ಕಾಗದದ ಮೇಲೆ ಕಂಡ ದಿನ ನನಗೆ ಮೈ ಜುಮ್ಮೆಂದಿತ್ತು. ಒಂದು ರೂಪಾಯಿ ಆಚೆ ಇಲ್ಲ, ಈಚೆ ಇಲ್ಲ. ಹತ್ತರ ಬದಲು ಹದಿನೈದು ಮೆಟ್ಟಿಲಿನ ದುಡ್ಡು ತನ್ನಿ, ಇಪ್ಪತ್ತು ಮೆಟ್ಟಿಲಿನದು ತನ್ನಿ, ತಕ್ಕಡಿ ಹಾಗೇ ನಿಲ್ಲುತ್ತದೆ. ಸೋಲು ಅಪರೂಪವಾದಷ್ಟೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ.

ಈಗ ಹಸಿರು ಮನೆಯನ್ನು ವಾಪಸ್ ತನ್ನಿ. ಸೋಲುವ ಮನೆಗಳು 37ರಲ್ಲಿ 19 ಆದವು. ಸತತ ಹತ್ತು ಸೋಲು 1024ಕ್ಕೆ ಒಮ್ಮೆ ಬರುತ್ತಿದ್ದದ್ದು ಸುಮಾರು 784ಕ್ಕೆ ಒಮ್ಮೆ ಬರತೊಡಗುತ್ತದೆ. 783 ಗೆಲುವಿನಿಂದ 7,830 ರೂಪಾಯಿ ಬಂತು. ಒಂದು ಸೋಲಿನಿಂದ 10,230 ಹೋಯಿತು. 2,400 ರೂಪಾಯಿ ಕಡಿಮೆ ಬಿತ್ತಲ್ಲ, ಅದು ಕ್ಯಾಸಿನೊದ ಪಾಲು. ನನ್ನ ವಿದ್ಯಾರ್ಥಿ ಬಿಟ್ಟ ಮಾತು ಇದೇ. 783 ಸಲ ಗೆಲ್ಲುವುದನ್ನು ಅವನು ಕಂಡಿದ್ದ. 784ನೆಯದರ ತೂಕ ಎಷ್ಟು ಅಂತ ನೋಡಿರಲಿಲ್ಲ.

ನಮ್ಮ ಹಳ್ಳಿಯವರಿಗೆ ಕೆರೆ ಏರಿಯ ಉದಾಹರಣೆ ಹೇಳಿದರೆ ಬೇಗ ಅರ್ಥವಾಗುತ್ತದೆ. ಏರಿಯಲ್ಲಿ ಅಲ್ಲಲ್ಲಿ ನೀರು ಜಿನುಗುತ್ತಿದೆ. ಜಿನುಗಿದಲ್ಲೆಲ್ಲ ಮಣ್ಣು ಮೆತ್ತಿ ಮುಚ್ಚುತ್ತೀರಿ. ದಿನಾ ಒಣಗಿದ ಏರಿ ಕಾಣುತ್ತದೆ, ಸಮಾಧಾನವಾಗುತ್ತದೆ. ಜಿನುಗಬೇಕಾದ ನೀರು ಎಲ್ಲೂ ಹೋಗಿಲ್ಲ, ಒಳಗೇ ನಿಂತಿದೆ. ಒಂದು ರಾತ್ರಿ ಏರಿಯೇ ಒಡೆಯುತ್ತದೆ. ಡಬಲ್ ಮಾಡುವವನೂ ಚಿಕ್ಕ ಚಿಕ್ಕ ಸೋಲುಗಳನ್ನು ಮುಚ್ಚುತ್ತಾ ಹೋಗುತ್ತಾನೆ. ಮುಚ್ಚಿದ್ದೆಲ್ಲ ಸೇರಿ ಒಂದೇ ದಿನ ಬರುತ್ತದೆ.

ಇನ್ನೊಂದು ರೀತಿ ನೋಡಿ. ಇವನು ತಾನೇ ಒಂದು ವಿಮಾ ಕಂಪನಿ ತೆರೆದ ಹಾಗೆ. ಪ್ರತಿ ಸರಣಿಗೂ ಹತ್ತು ರೂಪಾಯಿ ಕಂತು ಬರುತ್ತದೆ. ಅನಾಹುತವಾದ ದಿನ 10,230 ಕೊಡಬೇಕು. ಲೆಕ್ಕ ಬಲ್ಲ ಕಂಪನಿ ಈ ಕಂತನ್ನು ಹದಿಮೂರು ರೂಪಾಯಿಗಿಂತ ಜಾಸ್ತಿ ಇಡುತ್ತದೆ, ಯಾಕಂದರೆ 784ಕ್ಕೆ ಒಂದು ಅನಾಹುತ. ಇವನು ಹತ್ತಕ್ಕೇ ಒಪ್ಪಿಕೊಂಡಿದ್ದಾನೆ. ಅಥವಾ ಹಾವು ಏಣಿ ಆಟ ನೆನೆಸಿಕೊಳ್ಳಿ. ದಾರಿ ತುಂಬ ಚಿಕ್ಕ ಚಿಕ್ಕ ಏಣಿ, ಇಡೀ ಪಟಕ್ಕೆ ಒಂದೇ ಹಾವು, ಅದರ ಬಾಲ ಮಾತ್ರ ಮೊದಲ ಮನೆಯಿಂದಲೂ ಕೆಳಗೆ.

"ಸರ್, ಎಂಟು ಸಲ ಕಪ್ಪು ಬಂದ ಮೇಲೆ ಶುರು ಮಾಡಿದರೆ?" ಹುಡುಗ ಬಿಡಲಿಲ್ಲ. "ಕೆಂಪು ಬರೋ ಸಮಯ ಆಗಿರುತ್ತಲ್ಲ."

ಈ ನಂಬಿಕೆ ನಮ್ಮ ಮನೆಮನೆಯಲ್ಲಿದೆ. ಮೂರು ಹೆಣ್ಣಾಯಿತು, ನಾಲ್ಕನೆಯದು ಗಂಡೇ ಅನ್ನುವವರನ್ನು ಚಿತ್ರದುರ್ಗದ ನನ್ನ ನೆಂಟರಲ್ಲೇ ನೋಡಿದ್ದೇನೆ. ಆ ನಂಬಿಕೆಗೆ ಬಸುರಿ ಹೆಣ್ಣುಮಗಳು ಪಡುವ ಪಾಡನ್ನೂ ನೋಡಿದ್ದೇನೆ. 1814ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಇದನ್ನೇ ಬರೆದಿದ್ದ. ಗಂಡುಮಗು ಬೇಕೆಂದು ಹಂಬಲಿಸುವ ಅಪ್ಪಂದಿರು, ಆ ತಿಂಗಳು ಊರಿನಲ್ಲಿ ಗಂಡುಮಕ್ಕಳು ಜಾಸ್ತಿ ಹುಟ್ಟಿದರೆ ಚಿಂತೆ ಮಾಡುತ್ತಿದ್ದರಂತೆ, ಇನ್ನು ನಮಗೆ ಹೆಣ್ಣೇ ಅಂತ. ಗರ್ಭದ ಮಗುವಿಗೆ ಪಕ್ಕದ ಮನೆಯ ಲೆಕ್ಕ ಹೇಗೆ ಗೊತ್ತಾಗಬೇಕು? ಗೋಲಿಗೂ ಅಷ್ಟೇ. ಎಂಟು ಕಪ್ಪಾದ ಮೇಲೂ ಚಕ್ರದಲ್ಲಿ ಇರೋದು ಅದೇ 18 ಕೆಂಪು, 18 ಕಪ್ಪು, ಒಂದು ಹಸಿರು.

"ಆದರೆ ಕೊನೆಗೆ ಅರ್ಧ ಅರ್ಧ ಆಗಲೇಬೇಕಲ್ಲ?" ಒಳ್ಳೆ ಪ್ರಶ್ನೆ. ಮೊದಲ ಹತ್ತು ಸಲವೂ ನಾಣ್ಯದಲ್ಲಿ ಹೆಡ್ ಬಿತ್ತು ಅನ್ನಿ. ಆಮೇಲೆ ಸಾವಿರ ಸಲ ಚಿಮ್ಮಿಸಿದಾಗ ಸುಮಾರು 500 ಹೆಡ್ ಬಿತ್ತು. ಒಟ್ಟು 1010ರಲ್ಲಿ 510, ಅಂದರೆ ನೂರಕ್ಕೆ ಐವತ್ತೂವರೆ. ಹೆಚ್ಚಾಗಿದ್ದ ಹತ್ತು ಹೆಡ್ಡನ್ನು ಯಾವ ಟೇಲೂ ಬಂದು ತೀರಿಸಲಿಲ್ಲ. ಅವು ದೊಡ್ಡ ಸಂಖ್ಯೆಯಲ್ಲಿ ಮುಳುಗಿಹೋದವು, ಅಷ್ಟೇ. ಒಂದು ಚೊಂಬು ಉಪ್ಪುನೀರನ್ನು ನಮ್ಮ ಸೂಳೆಕೆರೆಗೆ ಸುರಿದರೆ ಕೆರೆ ಉಪ್ಪಾಗುವುದಿಲ್ಲ. ಉಪ್ಪನ್ನು ಯಾರೂ ಹೊರಗೆ ತೆಗೆದಿರುವುದಿಲ್ಲ.

1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದ ಒಂದು ಮೇಜಿನಲ್ಲಿ ಕಪ್ಪು ಸತತ 26 ಸಲ ಬಂತು. ಜನ ಮುಗಿಬಿದ್ದು ಕೆಂಪಿನ ಮೇಲೆ ಕಟ್ಟಿದರು. ಒಂದೊಂದು ಕಪ್ಪು ಬಂದಾಗಲೂ ಇನ್ನಷ್ಟು ಕಟ್ಟಿದರು. ಹತ್ತು ಕಪ್ಪು ಕಾದು, ಹನ್ನೊಂದನೆಯದಕ್ಕೆ ಹತ್ತು ರೂಪಾಯಿಂದ ಡಬಲ್ ಶುರು ಮಾಡಿದವನು ಅಲ್ಲಿದ್ದಿದ್ದರೆ 16 ಸಲ ಸೋತು 6,55,350 ರೂಪಾಯಿ ಕಳೆಯುತ್ತಿದ್ದ.

ಡಬಲ್ ಮಾಡುವ ಈ ಪದ್ಧತಿಗೆ ಯುರೋಪಿನಲ್ಲಿ ಮಾರ್ಟಿಂಗೇಲ್ ಅಂತ ಹೆಸರು. ಅದು ತೀರಾ ಬೇಗ ಏರುತ್ತದೆ ಎಂದು ಮೆಲ್ಲಗೆ ಏರುವವೂ ಹುಟ್ಟಿದವು. ದಾಲಂಬೇರ್ ಪದ್ಧತಿಯಲ್ಲಿ ಸೋತರೆ ಒಂದು ಜಾಸ್ತಿ, ಗೆದ್ದರೆ ಒಂದು ಕಡಿಮೆ. ದಾಲಂಬೇರ್ 18ನೇ ಶತಮಾನದ ದೊಡ್ಡ ಗಣಿತಜ್ಞ. ಹಸುಗೂಸಾಗಿದ್ದಾಗ ಪ್ಯಾರಿಸ್ಸಿನ ಒಂದು ಚರ್ಚಿನ ಮೆಟ್ಟಿಲ ಮೇಲೆ ಸಿಕ್ಕವನು. ಅಂಥವನೂ ಎರಡು ಸಲ ನಾಣ್ಯ ಚಿಮ್ಮಿಸಿದರೆ ಒಮ್ಮೆಯಾದರೂ ಹೆಡ್ ಬೀಳುವ ಅವಕಾಶ ಮೂರರಲ್ಲಿ ಎರಡು ಅಂತ 1754ರಲ್ಲಿ ಬರೆದ. ಸರಿ ಉತ್ತರ ನಾಲ್ಕರಲ್ಲಿ ಮೂರು. ಇದನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ, ತಪ್ಪು ಮಾಡಿದ ಹುಡುಗರಿಗೆ ಧೈರ್ಯ ಬರಲಿ ಅಂತ.

ಫಿಬೊನಾಚಿ ಪದ್ಧತಿ ಇನ್ನೊಂದು. 1, 1, 2, 3, 5, 8, 13 ಹೀಗೆ ಕಟ್ಟುವುದು. ಸೋತರೆ ಮುಂದಿನ ಅಂಕಿ, ಗೆದ್ದರೆ ಎರಡು ಅಂಕಿ ಹಿಂದೆ. ಈ ಅಂಕಿಗಳನ್ನು ಕಂಡರೆ ನನಗೆ ಜೂಜಿಗಿಂತ ಮೊದಲು ಕನ್ನಡ ಮೇಷ್ಟ್ರ ನೆನಪಾಗುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣವನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು? 3. ನಾಲ್ಕು ಮಾತ್ರೆಯದನ್ನು? 5. ಐದು ಮಾತ್ರೆಯದನ್ನು? 8. ನೀವೇ ಬರೆದು ನೋಡಿ, ಅದೇ ಸಾಲು! ಇಟಲಿಯ ಗಣಿತಜ್ಞ ಫಿಬೊನಾಚಿ ತನ್ನ ಪುಸ್ತಕ ಬರೆದದ್ದು 1202ರಲ್ಲಿ. ನಮ್ಮ ಛಂದಸ್ಸಿನ ಪಂಡಿತರಾದ ವಿರಹಾಂಕ, ಹೇಮಚಂದ್ರರು ಅದಕ್ಕೂ ಮೊದಲೇ ಈ ಸಾಲನ್ನು ಎಣಿಸಿದ್ದರು. ಷಟ್ಪದಿ ಓದುವ ಮಕ್ಕಳಿಗೆ ಇದನ್ನು ಗಣಿತದ ತರಗತಿಯಲ್ಲೂ ಹೇಳಿಕೊಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ಇಷ್ಟು ಚೆಂದದ ಸಾಲು ಜೂಜಿನ ಮೇಜಿನಲ್ಲಿ ಏನೂ ಮಾಡಲಾರದು. 1, 1, 2, 3, 5 ಸೋತರೆ ಒಟ್ಟು 12 ಹೋಯಿತು. 8 ಕಟ್ಟಿ ಗೆದ್ದರೂ ಇನ್ನೂ 4 ಬಾಕಿ. ಏರಿಕೆ ನಿಧಾನ, ಹಾಗಾಗಿ ಚೇತರಿಕೆಯೂ ನಿಧಾನ. ಯಾವ ಸಾಲು ಹಿಡಿದರೂ ಒಂದೇ ಸೂತ್ರ: ಒಟ್ಟು ಎಷ್ಟು ಕಟ್ಟಿದಿರೋ ಅದರಲ್ಲಿ 37ಕ್ಕೆ ಒಂದು, ಅಂದರೆ ನೂರಕ್ಕೆ 2.70 ರೂಪಾಯಿ ಸರಾಸರಿ ಹೋಗುತ್ತದೆ. ಎರಡು ಹಸಿರಿನ ಚಕ್ರದಲ್ಲಿ 5.26. ಗೆದ್ದಾಗ ಏರಿಸುವ ಪದ್ಧತಿಗಳಿಗೂ ಇದೇ. ಅಲ್ಲಿ ಆಕಾರ ತಿರುಗುಮುರುಗು, ಚಿಕ್ಕ ಸೋಲುಗಳು ತುಂಬ, ದೊಡ್ಡ ಗೆಲುವು ಅಪರೂಪ. ಸೋತಾಗ ಏರಿಸಿದರೆ ಒಟ್ಟು ಕಟ್ಟುವ ದುಡ್ಡೂ ಏರುತ್ತದೆ, ಹೋಗೋದೂ ಏರುತ್ತದೆ. ಮೇಜಿಗೆ ಕನಿಷ್ಠ, ಗರಿಷ್ಠ ಮಿತಿ ಬೇರೆ ಇರುತ್ತದೆ. ಸಾಹುಕಾರನೂ ಬೇಕಾದಷ್ಟು ಸಲ ಡಬಲ್ ಮಾಡಲಾಗದು.

ಒಂದು ಹೋಲಿಕೆ ನನಗೆ ಬಹಳ ಇಷ್ಟ. 10,230 ರೂಪಾಯಿ ಇದೆ, ಅದನ್ನು ಎರಡರಷ್ಟು ಮಾಡಬೇಕು. ಹತ್ತು ಹತ್ತು ರೂಪಾಯಿ ಗೆಲ್ಲುತ್ತಾ ಹೋದರೆ 1023 ಸರಣಿಗಳಲ್ಲಿ ಒಮ್ಮೆಯೂ ಹತ್ತು ಸತತ ಸೋಲು ಬರಬಾರದು. ಅದರ ಅವಕಾಶ ನೂರಕ್ಕೆ ಸುಮಾರು 27. ಅಷ್ಟನ್ನೂ ಒಂದೇ ಸಲ ಕೆಂಪಿನ ಮೇಲಿಟ್ಟರೆ? ನೂರಕ್ಕೆ 48ಕ್ಕಿಂತ ಜಾಸ್ತಿ. ಹಾಗೆ ಇಡಿ ಅಂತ ನಾನು ಹೇಳುತ್ತಿಲ್ಲ, ಅದೂ ಸೋಲಿನ ಕಡೆಗೇ ವಾಲಿದೆ. ಜೋಪಾನ ಅನ್ನಿಸಿಕೊಂಡ ಪದ್ಧತಿ ಹುಚ್ಚು ಸಾಹಸಕ್ಕಿಂತಲೂ ಕೆಟ್ಟದ್ದು ಅನ್ನೋದನ್ನು ನೋಡಿ. ಹಸಿರು ಮನೆಯ ಮುಂದೆ ಜಾಸ್ತಿ ಹೊತ್ತು ಕೂತಷ್ಟೂ ಅದು ಜಾಸ್ತಿ ತಿನ್ನುತ್ತದೆ.

ಮಾರ್ಟಿಂಗೇಲ್ ಅನ್ನುವ ಜೂಜುಕೋರರ ಪದವನ್ನು 1939ರಲ್ಲಿ ಫ್ರಾನ್ಸಿನ ಗಣಿತಜ್ಞ ಝಾನ್ ವಿಲ್ ಗಣಿತಕ್ಕೆ ತಂದ. ಅಮೆರಿಕದ ಜೋಸೆಫ್ ಡೂಬ್ ಅದನ್ನು ದೊಡ್ಡ ಸಿದ್ಧಾಂತವಾಗಿ ಬೆಳೆಸಿದ. ಮೋಸವಿಲ್ಲದ ಆಟದಲ್ಲಿ, ದುಡ್ಡಿಗೂ ಹೊತ್ತಿಗೂ ಮಿತಿ ಇದ್ದರೆ, ಯಾವಾಗ ಎದ್ದು ಹೋಗಬೇಕು ಅನ್ನುವ ಯಾವ ಉಪಾಯವೂ ಸರಾಸರಿ ಲಾಭ ತರಲಾರದು ಅಂತ ಸಾಧಿಸಿದ. ಚಕ್ರವನ್ನು ನಿಜಕ್ಕೂ ಮೀರಲು ಹೊರಟವರು ಬೇರೆ ದಾರಿ ಹಿಡಿದರು. 1961ರಲ್ಲಿ ಅಮೆರಿಕದ ಗಣಿತಜ್ಞರಾದ ಎಡ್ವರ್ಡ್ ಥಾರ್ಪ್ ಮತ್ತು ಕ್ಲಾಡ್ ಶಾನನ್ ಸಿಗರೇಟ್ ಪ್ಯಾಕಿನಷ್ಟು ಚಿಕ್ಕ ಕಂಪ್ಯೂಟರ್ ಕಟ್ಟಿ ಗೋಲಿಯ ವೇಗ ಅಳೆದರು. ಅವರು ಎಷ್ಟು ಕಟ್ಟಬೇಕು ಅನ್ನೋದನ್ನು ಬಿಟ್ಟು, ಗೋಲಿ ಎಲ್ಲಿ ಬೀಳುತ್ತದೆ ಅನ್ನೋದನ್ನು ಹುಡುಕಿದರು. ಅದು ಭೌತಶಾಸ್ತ್ರ.

ನಮ್ಮೂರಿನ ಮಾತಿಗೆ ಬರುತ್ತೇನೆ. ಇಲ್ಲಿ ರೂಲೆಟ್ ಮೇಜಿಲ್ಲ, ಓಸಿ ಇದೆ. ಓಸಿ ಅಂದರೆ ಓಪನ್, ಕ್ಲೋಸ್. ಹತ್ತಿಯ ಊರಾದ ದಾವಣಗೆರೆಯಲ್ಲೂ ಬಹಳ ಜನಕ್ಕೆ ಗೊತ್ತಿಲ್ಲ, ಅದು ಹತ್ತಿಯಿಂದಲೇ ಹುಟ್ಟಿದ್ದು. ನ್ಯೂಯಾರ್ಕಿನ ಹತ್ತಿ ಪೇಟೆ ತೆರೆದಾಗಿನ ದರ, ಮುಚ್ಚಿದಾಗಿನ ದರ ಮುಂಬೈಗೆ ಬರುತ್ತಿದ್ದವು, ಅವುಗಳ ಮೇಲೆ ಜನ ದುಡ್ಡು ಕಟ್ಟುತ್ತಿದ್ದರು. ಆ ದರ ಬರುವುದು ನಿಂತ ಮೇಲೆ ಮಡಕೆಯಿಂದ ಚೀಟಿ ಎತ್ತುವುದು ಶುರುವಾಯಿತು. ಮಡಕೆಯೇ ಮಟ್ಕಾ. ಒಂದು ರೂಪಾಯಿಗೆ 70, 80 ಕೊಡುತ್ತೇವೆ ಅಂತ ಕೂಗುತ್ತಾರೆ. ಆರಿಸಬೇಕಾದ ಜೋಡಿ ಅಂಕಿಗಳು ನೂರು. ಅಂದರೆ ನೂರಕ್ಕೆ 20ರಿಂದ 30 ರೂಪಾಯಿ ಅವರಿಗೆ. ರೂಲೆಟ್ಟಿನ 2.70 ಎಲ್ಲಿ, ಇದೆಲ್ಲಿ.

ಈಗ ಮೊಬೈಲಿನಲ್ಲಿ ಕೆಂಪು, ಹಸಿರು ಬಣ್ಣ ಹೇಳುವ ಆಟಗಳು ಬಂದಿವೆ. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸಿತು. ಆದರೂ ಕದ್ದುಮುಚ್ಚಿ ನಡೆಯುವ ಕಡೆಯೆಲ್ಲ ಇದೇ ಡಬಲ್ ಪಟ್ಟಿಯನ್ನು ಹುಡುಗರಿಗೆ ಹಂಚುತ್ತಾರೆ. ರೂಲೆಟ್ ಲೆಕ್ಕವನ್ನೇ ಇಟ್ಟುಕೊಂಡರೂ 784 ಸರಣಿಗೆ ಸುಮಾರು 1,600 ಸಲ ಆಡಬೇಕು. ನಿಮಿಷಕ್ಕೊಂದು ಆಟವಾದರೆ 27 ಗಂಟೆ. ದಿನಕ್ಕೆ ಮೂರು ಗಂಟೆ ಕೂತರೆ ಒಂಬತ್ತು ದಿನ. ಎಂಟು ದಿನ ಆ ಹುಡುಗ ಗೆಲ್ಲುತ್ತಲೇ ಇರಬಹುದು, ಸ್ನೇಹಿತರನ್ನೂ ಕರೆದು ತರಬಹುದು. ನನಗೆ ನಿದ್ದೆ ಕೆಡಿಸೋದು ಈ ಎಂಟು ದಿನ. ಮೇಲಾಗಿ ಅಲ್ಲಿ ಚಕ್ರವೇ ಕಾಣೋದಿಲ್ಲ, ಬಣ್ಣ ಆರಿಸುವವರು ಯಾರೋ.

ದೋಸೆ ಆರಿಹೋಗಿತ್ತು. ನಾನು ಬಿಲ್ಲಿನ ಹಿಂದೆ 1023 ಗುಣಿಸು 10 ಅಂತ ಬರೆದುಕೊಟ್ಟೆ. ಅವನು ಬಹಳ ಹೊತ್ತು ಅದನ್ನೇ ನೋಡಿದ. ಗೋವಾಕ್ಕೆ ಹೋಗೋದನ್ನೇನೂ ಬಿಡಲಿಲ್ಲ. ವಾಪಸ್ ಬಂದವನು ಮನೆಗೇ ಬಂದು ಒಂದು ಸಣ್ಣ ನೋಟ್‌ಬುಕ್ ಕೊಟ್ಟ. ಮೇಜಿನ ಪಕ್ಕ ನಿಂತು ಚಕ್ರ 200 ಸಲ ತಿರುಗಿದ್ದನ್ನು ಸಾಲಾಗಿ ಬರೆದುಕೊಂಡಿದ್ದ. ಹಸಿರು ಆರು ಸಲ ಬಂದಿತ್ತು. ಒಂದು ಕಡೆ ಕಪ್ಪು ಸತತ ಎಂಟು ಸಲ. ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ 2,550 ಅಂತ ಬರೆದಿದ್ದ.